ಸುಣ್ಣದ ಗೋಡೆಯ ಮಾವಿನಹಣ್ಣು

ನಾವು ನಾಲ್ಕನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಬಣ್ಣದ ಡಬ್ಬಿ ಅಂದರೆ ಅಂಗಡಿಯ ಗಾಜಿನಾಚೆ ನೋಡಿಕೊಂಡು ಬರುವ ವಸ್ತು. ಗೌನಿಪಲ್ಲಿ ಹತ್ತಿರದ ನಮ್ಮೂರ ಶಾಲೆಗೆ ಶನಿವಾರಕ್ಕೊಮ್ಮೆ ಕೋಲಾರದಿಂದ ಚಿತ್ರ ಕಲಿಸಲು ಬರುತ್ತಿದ್ದ ವನಜಾ ಮಿಸ್‌ಗೆ ಅದೊಂದು ಕೊರತೆ ಅನ್ನಿಸಲೇ ಇಲ್ಲ. "ಮನೇಲಿ, ಹಿತ್ತಿಲಲ್ಲಿ ಏನೇನು ಬಣ್ಣ ಬಿಡುತ್ತೋ ಹುಡುಕ್ಕೊಂಡು ಬನ್ನಿ" ಅಂದುಬಿಟ್ಟರು. ಸರಿ, ಇದ್ದಿಲು, ಕೆಮ್ಮಣ್ಣು, ಬೀಟ್‌ರೂಟು, ಸಿಕ್ಕಿದ ಸೊಪ್ಪು, ಕಂಡದ್ದನ್ನೆಲ್ಲ ಉಜ್ಜಿ ನೋಡಿದ್ದೇ ನೋಡಿದ್ದು. ನನ್ನ ಯೂನಿಫಾರಂ ನೋಡಿ ಅಮ್ಮ ತಲೆ ಚಚ್ಚಿಕೊಂಡರು.

ಮಾವು ಕಾಯಾಗುವ ಹೊತ್ತಿಗೆ ಮಿಸ್, ವರಾಂಡದ ಗೋಡೆ ಮೇಲೆ ದೊಡ್ಡ ಮಾವಿನ ಮರ ಬರೆಸುತ್ತೇನೆ ಎಂದರು. ಆ ಗೋಡೆಗೆ ನನ್ನ ಗೆಳತಿ ಶಬಾನಾಳ ಅಬ್ಬಾ ಸುಣ್ಣ ಹೊಡೆದು ಎರಡೇ ದಿನವಾಗಿತ್ತು. ಹಸಿ ಸುಣ್ಣದ ವಾಸನೆ ಇನ್ನೂ ಮೂಗಿಗೆ ಬಡಿಯುತ್ತಿತ್ತು. ಹೆಡ್‌ಮಾಸ್ಟರು ಗೋಡೆಯನ್ನೂ ನಮ್ಮನ್ನೂ ದುರುಗುಟ್ಟಿ ನೋಡಿದರು.

"ಬರೀರಿ. ಗೋಡೆ ಕೆಟ್ರೆ ಮಾತ್ರ ಈ ಶನಿವಾರದ ಡ್ರಾಯಿಂಗ್ ಬಂದ್. ಆಮೇಲೆ ಅತ್ಕೊಂಡು ಬರ್ಬೇಡಿ."

ಹಣ್ಣು ಬರೆಯುವ ಭಾಗ್ಯ ನನ್ನದು. ಜಜ್ಜಿದ ತೆಂಗಿನ ನಾರಿನ ಬ್ರಷ್ಷು, ಅಜ್ಜಿಯ ಡಬ್ಬಿಯಿಂದ ಎಗರಿಸಿ ತಂದ ಅರಿಸಿನ. ಕಲಸಿ, ಮೊದಲ ಹಣ್ಣು ಬಳಿದೆ. ನೋಡುತ್ತಿದ್ದ ಹಾಗೇ ಹಳದಿ ಮಾಯವಾಗಿ ಕೆಂಪಾಯಿತು! ಇನ್ನೊಂದು ಬಳಿದೆ. ಅದೂ ಕೆಂಪು.

ಶಬಾನಾ ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ ಮಾತಾಡುವವಳು. ಗಾಬರಿಯಾದರೆ ಮಾತ್ರ ತೆಲುಗು. "ಅಯ್ಯೋ, ಎರ್ರಗಾ ಆಗೋಯ್ತು! ಏನ್ ಹಾಕ್ದೆ?"

"ಅರಿಸಿನಾನೇ ಕಣೇ, ದೇವರಾಣೆ!"

ಅಜ್ಜಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಗೆ ಕೆಂಪು ನೀರು ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಗೋಡೆಯೂ ಸುಣ್ಣವೇ ಅನ್ನುವುದು ಮಾತ್ರ ಈ ಜಾಣೆಗೆ ಹೊಳೆದಿರಲಿಲ್ಲ. ನನ್ನಿಂದಾಗಿ ಎಲ್ಲರ ಡ್ರಾಯಿಂಗ್ ಹೋಯಿತಲ್ಲ ಎಂದು ಅಳು ಒತ್ತರಿಸಿ ಬಂತು. ಬಿಕ್ಕುತ್ತಲೇ ಆರತಿ ನೀರಿನ ವಿಷಯ ಹೇಳಿದೆ.

ಮಿಸ್ ಬಯ್ಯಲಿಲ್ಲ. ಮೂಗು ಗೋಡೆಗೆ ತಾಗುವಷ್ಟು ಬಗ್ಗಿ ನೋಡಿದರು. "ಹಾಗಾದ್ರೆ ವಾಪಸ್ ಹಳದಿ ಮಾಡಕ್ಕಾಗುತ್ತಾ?" ಅವರಿಗೂ ನಿಜವಾಗಿ ಗೊತ್ತಿರಲಿಲ್ಲ. ಮೇಷ್ಟ್ರುಗಳಿಗೆ ಗೊತ್ತಿಲ್ಲದ್ದೂ ಇರುತ್ತದೆಂದು ನನಗೆ ತಿಳಿದದ್ದು ಅವತ್ತೇ.

ಶಬಾನಾ ಅಷ್ಟು ಹೊತ್ತೂ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಡಿಯುತ್ತಿದ್ದಳು. ಒರೆಸಿದರೆ ಹೋದೀತೆಂದು ಅದೇ ಹುಳಿ ರಸದ ಬೆರಳಲ್ಲಿ ಕೆಂಪು ಹಣ್ಣನ್ನು ಉಜ್ಜಿದಳು. ಬೆರಳಾಡಿದಷ್ಟು ಜಾಗ ಹಳದಿಯಾಯಿತು!

ಆಮೇಲೆ ಕೇಳಬೇಕೇ? ಎಲ್ಲರ ಜೇಬಿನಿಂದಲೂ ಮಾವಿನಕಾಯಿಗಳು ಹೊರಬಂದವು. ಗಲಾಟೆ ಕೇಳಿ ಹೆಡ್‌ಮಾಸ್ಟರು ಬಂದಾಗ ಗೋಡೆಯ ಹಣ್ಣುಗಳು ಅರ್ಧ ಕೆಂಪು, ಅರ್ಧ ಹಳದಿ. ನಾನು ಮಿಸ್ ಸೀರೆಯ ಹಿಂದೆ ಅವಿತುಕೊಂಡೆ.

ಹೆಡ್‌ಮಾಸ್ಟರು ಗೋಡೆಯ ಹತ್ತಿರಕ್ಕೇ ಬಂದು ನೋಡಿದರು. "ಇದು ಸೇಂದೂರ ಹಣ್ಣಲ್ವೇನಮ್ಮಾ? ನಮ್ಮ ತೋಟದ್ದೂ ಹಿಂಗೇ, ಒಂದು ಕೆನ್ನೆ ಕೆಂಪು." ಆಮೇಲೆ ಸುತ್ತಮುತ್ತ ನೋಡಿ, ಮೆಲ್ಲಗೆ ಕೈ ಚಾಚಿದರು. "ಎಲ್ಲಿ, ಆ ಕಾಯಿ ಇತ್ಲಾಗ್ ಕೊಡು. ನಾನೂ ಒಂದು ಉಜ್ತೀನಿ."

ಡ್ರಾಯಿಂಗ್ ಉಳಿಯಿತು. ನಾನೂ ಅದರಲ್ಲೇ ಉಳಿದುಕೊಂಡೆ.

ಈಗ ಮಾಲೂರಿನ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಪ್ರತಿ ಮಗುವಿನ ಬ್ಯಾಗಿನಲ್ಲೂ ಇಪ್ಪತ್ತನಾಲ್ಕು ಬಣ್ಣಗಳಿವೆ; ಯಾವುದೂ ಹೇಳದೆ ಕೇಳದೆ ಬದಲಾಗುವುದಿಲ್ಲ. ಮೊನ್ನೆ ಈ ಕಥೆ ಹೇಳಿ, ಅರಿಸಿನ ಕಲಸಿ, ಕ್ಲಾಸಿನ ಗೋಡೆ ಮೇಲೆ ಒಂದು ಹಣ್ಣು ಬಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಹಳದಿ ಹಳದಿಯಾಗಿಯೇ ಇತ್ತು. ಅದು ಪ್ಲಾಸ್ಟಿಕ್ ಪೇಂಟಿನ ಗೋಡೆ ಅನ್ನುವುದು ಈ ಸಲವೂ ನನಗೆ ಹೊಳೆದಿರಲಿಲ್ಲ.

"ಮಿಸ್, ಇನ್ನೂ ಎಷ್ಟೊತ್ತು?" ಎಂದಳು ಮುಂದಿನ ಬೆಂಚಿನ ಹುಡುಗಿ.

"ನೋಡೋಣ" ಅಂದೆ.

ಮಕ್ಕಳು ಈಗ ದಿನಾ ಪ್ರಾರ್ಥನೆಗೆ ಮುಂಚೆ ಓಡಿಹೋಗಿ ಆ ಹಣ್ಣನ್ನು ನೋಡಿ ಬರುತ್ತಾರೆ. ಅದು ಕೆಂಪಾಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬಂದಿಲ್ಲ.