ಐದೇ ಐದು ಹುಣಸೆ ಬೀಜ

ನನ್ನ ಕೈಯಲ್ಲಿ ಒಂಬತ್ತರ ಜೋಡಿ, ಮೇಜಿನ ಮೇಲೆ ತೆರೆದಿಟ್ಟ ಇಸ್ಪೀಟ್ ಎಲೆಗಳಲ್ಲೊಂದು ರಾಣಿ. ಗೆಲ್ಲುವ ಭರವಸೆಯೂ ಇಲ್ಲ, ಬಿಡುವ ಮನಸ್ಸೂ ಇಲ್ಲ. ಎದುರಿಗೆ ಉಳಿದದ್ದು ಗಂಡನ ಅಣ್ಣ ಒಬ್ಬರೇ. ಉರ್ವದ ನಮ್ಮ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಪೋಕರ್ ಆಟ. ಪಣಕ್ಕೆ ಮೀನಿನ ಗಸಿಗೆ ಹುಣಸೆ ಹಿಂಡುವಾಗ ಎತ್ತಿಟ್ಟ ಬೀಜಗಳು. ಎಷ್ಟು ಬೇಕಾದರೂ ಒಡ್ಡಬಹುದು. ಇಂಥ ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ ಎಲೆ ಬಂದರೆ ಹೆದರಿ ನನ್ನ ಇಡೀ ರಾಶಿಯನ್ನೇ ಪಣಕ್ಕೆ ದೂಡುವುದು ನನ್ನ ಅಭ್ಯಾಸ. ಮದುವೆಯಾದ ಈ ಆರು ವರ್ಷದಲ್ಲಿ ಭಾವನೆದುರು ಒಮ್ಮೆಯೂ ದೊಡ್ಡದಾಗಿ ಗೆದ್ದವಳಲ್ಲ.

ಕೈ ರಾಶಿಯತ್ತ ಹೊರಟಾಗ, ಕುವೈತ್‌ನಲ್ಲಿ ನರ್ಸ್ ಆಗಿದ್ದಾಗ ಪೋಕರ್ ಕಲಿತ ಪಕ್ಕದ ಮನೆಯ ಲೀನಾ ಆಂಟಿ ಹಿಂದಿನ ವಾರ ನನ್ನ ಆಟ ನೋಡಿ ಬೈದದ್ದು ನೆನಪಾಯಿತು: "ಎಂತ ಮಾರಾಯ್ತಿ, ಎಲ್ಲ ದೂಡಿದ್ರೆ ನಿನಗೆ ಸೋಲುವವರು ಎದ್ದು ಹೋಗ್ತಾರೆ, ನಿನ್ನನ್ನು ಸೋಲಿಸುವವ ಮಾತ್ರ ಕೂತಿರ್ತಾನೆ!"

ಐದೇ ಬೀಜ ಇಟ್ಟೆ. ಭಾವ ನಕ್ಕು ಐದು ಹಾಕಿದರು. ಮುಂದಿನ ಎಲೆಗೆ ಹತ್ತಿಟ್ಟೆ, ಅವರೂ ಹತ್ತಿಟ್ಟರು. ಕೊನೆಗೆ ಎಲೆ ತಿರುಗಿಸಿದರೆ, ನನ್ನ ಒಂಬತ್ತರ ಮುಂದೆ ಅವರದ್ದು ಬರೀ ಏಳರ ಜೋಡಿ!

"ನೀನು ಎಲ್ಲ ದೂಡಿದ್ರೆ ನಾನು ಆಗಲೇ ಬಿಡ್ತಿದ್ದೆ," ಎಂದರು ಭಾವ, ಬೀಜಗಳು ನನ್ನ ಕಡೆ ಬರುವುದನ್ನು ನೋಡುತ್ತಾ.

ಈಗ ನಾನು ಐದು ಬೀಜ ಇಟ್ಟರೆ ಸಾಕು, ಆಡುವುದೋ ಬಿಡುವುದೋ ಎಂದು ಭಾವ ತಲೆ ಕೆರೆದುಕೊಳ್ಳುತ್ತಾರೆ. ಅದನ್ನು ನೋಡಲಿಕ್ಕೆಂದೇ ಭಾನುವಾರ ನಾನು ಎಲ್ಲರಿಗಿಂತ ಮೊದಲು ಊಟ ಮುಗಿಸುತ್ತೇನೆ.