ಬಾಯಿ ಬಿಡಿಸುವ ಕೋಡುಬಳೆ

ಮೊನ್ನೆ ಪೀಣ್ಯದ ಮೆಟ್ರೋ ಇಳಿದು ಬರುವಾಗ ಕಾಂಡಿಮೆಂಟ್ಸ್ ಅಂಗಡಿಯ ಬಾಣಲೆಯಿಂದ ಕೋಡುಬಳೆ ಕರಿಯುವ ವಾಸನೆ ಬಂತು. ಇಂಗು, ಓಮ, ಕಾದ ಎಣ್ಣೆ... ಕಾಲು ಅಲ್ಲೇ ನಿಂತಿತು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದು ಓನರ್ ಆಂಟಿಯಿಂದ ಬಂದ ಅಭ್ಯಾಸ.

ಆಗ ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಶಿಫ್ಟಿನಲ್ಲಿ ದುಡಿಯುವವರು ಹೇಗೆ ನಿದ್ದೆ ಮಾಡುತ್ತಾರೆ ಎಂಬುದು ನಮ್ಮ ಅಧ್ಯಯನ. ಪೀಣ್ಯದ ಒಂದು ಗಲ್ಲಿಯಲ್ಲಿ ಸಾಲು ರೂಮುಗಳಿದ್ದವು. ಬಾಡಿಗೆಗಿದ್ದವರೆಲ್ಲ ಕಲಬುರಗಿ ಕಡೆಯಿಂದ ಬಂದು ವರ್ಕ್‌ಶಾಪುಗಳಲ್ಲಿ ದುಡಿಯುವ ಹುಡುಗರು. ಮಹಡಿಯ ಮೇಲೆ ರೂಮುಗಳ ಒಡತಿಯ ಮನೆ. ಎಲ್ಲರೂ ಅವರನ್ನು ಓನರ್ ಆಂಟಿ ಎನ್ನುತ್ತಿದ್ದರು. ಹುಡುಗರ ಊರನ್ನು ಇಲ್ಲಿ ಬೇಕೆಂದೇ ಬದಲಿಸಿದ್ದೇನೆ. ಆಂಟಿಯ ತಿಂಡಿಯನ್ನು ಬದಲಿಸಲು ಮಾತ್ರ ಮನಸ್ಸು ಬರಲಿಲ್ಲ.

ಆಂಟಿಯ ಕಾನೂನು ಒಂದೇ: ರೂಮಿಗೆ ಮೂರೇ ಜನ. ಹುಡುಗರ ಲೆಕ್ಕ ಬೇರೆ. ಹಗಲು ಪಾಳಿಯವರು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಯಾವಾಗ ಬಾಗಿಲು ತೆರೆದರೂ ಒಳಗೆ ಮೂರೇ ಜನ, ಒಟ್ಟು ಆರು. ನಿದ್ದೆಯ ಬಗ್ಗೆ ಕೇಳಲು ಹೋದವಳಿಗೆ ಇದು ಮೊದಲ ದಿನವೇ ತಿಳಿದುಹೋಯಿತು. "ಆಂಟಿಗ ಹೇಳಬ್ಯಾಡ್ರಿ ಮೇಡಂ, ಗೊತ್ತಾದ್ರ ಇವತ್ತ ರೂಮ್ ಖಾಲಿ ಮಾಡಸ್ತಾರ," ಎಂದ ಒಬ್ಬ ಹುಡುಗ. ನೀವು ಹೇಳಿದ್ದು ಅಧ್ಯಯನ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ, ಯಾರ ಹೆಸರೂ ಬರುವುದಿಲ್ಲ ಎಂದು ಮಾತು ಕೊಟ್ಟೆ. ಆ ರೂಮುಗಳೆಲ್ಲ ಈಗ ಖಾಲಿಯಾಗಿ ಗೋಡೌನ್ ಆಗಿವೆ. ಅದಕ್ಕೇ ಇಷ್ಟಾದರೂ ಬರೆಯುತ್ತಿದ್ದೇನೆ.

ಆಂಟಿಗೆ ಅನುಮಾನ ಇದ್ದೇ ಇತ್ತು, ಏಕೆಂದರೆ ನೀರಿನ ಟ್ಯಾಂಕು ಬೇಗ ಖಾಲಿಯಾಗುತ್ತಿತ್ತು. ಬಾಗಿಲ ಮುಂದಿನ ಚಪ್ಪಲಿ ಎಣಿಸಿದರು. ಹುಡುಗರು ಚಪ್ಪಲಿಯನ್ನು ಒಳಗಿಟ್ಟುಕೊಂಡರು. ತಂತಿಯ ಮೇಲಿನ ಟವೆಲ್ ಎಣಿಸಿದರು, ಟವೆಲ್ಲೂ ಮಾಯವಾಯಿತು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು.

ಹೀಗೆ ಕೋಡುಬಳೆ ಶುರುವಾಯಿತು. ಬಿಸಿಲಲ್ಲಿ ಬಂದಿದ್ದೀಯ ಎಂದು ಮೇಲೆ ಕರೆದು ತಟ್ಟೆ ಮುಂದಿಡುವರು. ಬಾಯಿಗೆ ಹಾಕುವಷ್ಟರಲ್ಲಿ, ಕೊನೇ ರೂಮಿನಲ್ಲಿ ಎಷ್ಟು ಜನ ಅಂದೆ ಎಂದು ಮೆಲ್ಲಗೆ ಕೇಳುವರು. ನಾನು ಏನೂ ಅಂದಿರುತ್ತಿರಲಿಲ್ಲ. ಮರುವಾರ ನಿಪ್ಪಟ್ಟು ಬಂತು, ಚಕ್ಕುಲಿ ಬಂತು, ಒಂದು ದಿನ ಒಬ್ಬಟ್ಟೇ ಬಂತು. ಉತ್ತರ ಕೊಟ್ಟವರ ಮನೆಯಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಬಾರದೆಂದು ನಮ್ಮ ಸಂಸ್ಥೆಯ ಕಟ್ಟಪ್ಪಣೆ. ಮನೆ ಓನರ್ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನಾನು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತ ದಪ್ಪಗಾದೆ.

ಒಂದು ದಿನ ಆಂಟಿಯ ತಾಳ್ಮೆ ಕೆಟ್ಟಿತು. "ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ. ನಾನು ಎಣಿಸು ಅಂತಾನೇ ಹಾಕ್ತಿದೀನಿ ಕಣೇ, ಆದ್ರೂ ಎಣಿಸಲ್ಲ ಅಂತೀಯಲ್ಲ." ನಾನು ಇನ್ನೊಂದು ಕೋಡುಬಳೆ ತೆಗೆದುಕೊಂಡೆ.

ಆಮೇಲೆ ಅವರು ವರಸೆ ಬದಲಿಸಿದರು. ತಾವೂ ಸರ್ಕಾರಿ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ ನಿವೃತ್ತರಾದವರು, ತಮ್ಮ ನಿದ್ದೆಯನ್ನೇಕೆ ಯಾರೂ ಕೇಳುವುದಿಲ್ಲ ಎಂದು ಜಗಳ ತೆಗೆದರು. ಪ್ರಶ್ನೆಗಳನ್ನು ನೋಡಿದರೆ ಕೆಳಗಿನವರ ಗುಟ್ಟು ಸಿಗಬಹುದೆಂಬ ಉಪಾಯವೇ ಇರಬೇಕು. ನಮ್ಮ ಅಧ್ಯಯನದಲ್ಲಿ ನಿವೃತ್ತರನ್ನೂ ಕೇಳಲು ಅವಕಾಶವಿತ್ತು, ಹಾಗಾಗಿ ಒಪ್ಪಿಗೆ ಪತ್ರ ಓದಿ ಹೇಳಿದೆ. ಆಂಟಿ ಆಕಳಿಸುತ್ತ ಸಹಿ ಹಾಕಿದರು. ಮಲಗಿದ ಮೇಲೆ ನಿದ್ದೆ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ನಗುತ್ತ ಶುರು ಮಾಡಿದವರು ನಡುವೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮಗನ ಬಗ್ಗೆ ಒಂದು ಮಾತು ಹೇಳಿದರು...

ಏನು ಎಂದು ಕೇಳಬೇಡಿ. ಹೇಳುವುದಿಲ್ಲ.

ಅದು ಮಗನ ಕಿವಿಗೆ ಬೀಳಬಾರದು ಎಂದರು. ಬೀಳುವುದಿಲ್ಲ ಎಂದೆ. "ಗೊತ್ತು. ಇಷ್ಟು ದಿನ ಎಣ್ಣೆ ಸುಟ್ಟಿದೀನಿ, ಆ ಹುಡುಗರ ಬಗ್ಗೆ ಒಂದು ಮಾತು ಬಾಯಿ ಬಿಟ್ಟಿಲ್ಲ ನೀನು. ಇನ್ಯಾರ ಹತ್ರ ಹೇಳ್ಲಿ?"

ಅಂದಿನಿಂದ ಅವರು ರೂಮುಗಳ ವಿಷಯ ಎತ್ತಲಿಲ್ಲ. ಗೊಣಗುತ್ತಲೇ ಟ್ಯಾಂಕಿಗೆ ದಿನಕ್ಕೆರಡು ಸಲ ನೀರು ಬಿಡತೊಡಗಿದರು. ಆದರೆ ಈಗ ಆಂಟಿಯೂ ಉತ್ತರ ಕೊಟ್ಟವರಾಗಿದ್ದರಲ್ಲ, ನನ್ನ ಕೋಡುಬಳೆಗೆ ಕಲ್ಲು ಬಿತ್ತು. ನಿಯಮ ವಿವರಿಸಿದ್ದಕ್ಕೆ, ಹಾಗಾದರೆ ಅಧ್ಯಯನ ಮುಗಿಸಿಕೊಂಡೇ ತಿನ್ನಲು ಬಾ ಎಂದು ನೀರಿನ ಲೋಟ ಕುಕ್ಕಿದರು. ಅಧ್ಯಯನ ಮುಗಿಯಿತು. ನನ್ನ ಕೆಲಸ ಮಹದೇವಪುರಕ್ಕೆ ಬದಲಾಯಿತು, ಟ್ರಾಫಿಕ್ಕಿನ ನೆಪ ಸಿಕ್ಕಿತು... ಹೋಗಲಿಲ್ಲ.

ಕಳೆದ ತಿಂಗಳು ಹೂಡಿಯಲ್ಲಿರುವ ಅವರ ಮಗ ಫೋನ್ ಮಾಡಿದ್ದರು. ಆಂಟಿ ತೀರಿಕೊಂಡು, ಕಾರ್ಯಗಳೂ ಮುಗಿದಿದ್ದವಂತೆ. ಮನೆ ಖಾಲಿ ಮಾಡುವಾಗ ಒಪ್ಪಿಗೆ ಪತ್ರದ ಪ್ರತಿಯಲ್ಲಿ ನನ್ನ ನಂಬರು ಸಿಕ್ಕಿತಂತೆ. "ಕೊನೆಕೊನೆಗೆ ನಾನೂ ಅಮ್ಮನೂ ಸರಿಯಾಗಿ ಮಾತಾಡ್ತಿರಲಿಲ್ಲ ಮೇಡಂ. ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿದ್ದರೆ ಅವರ ಮನಸ್ಸು ಹಗುರಾಗುತ್ತಿತ್ತೋ ಭಾರವಾಗುತ್ತಿತ್ತೋ, ಅದನ್ನೂ ನಾನು ಹೇಳುವಂತಿಲ್ಲ. ಅನುಮತಿ ಕೇಳೋಣವೆಂದರೆ ಕೊಡಬೇಕಾದವರೇ ಇಲ್ಲ. ಉತ್ತರ ಕೊಟ್ಟವರ ಮಾತನ್ನು ಯಾರಿಗೂ ಹೇಳುವ ಹಾಗಿಲ್ಲ ಎಂದೆ. ಅವರು ಪರವಾಗಿಲ್ಲ ಬಿಡಿ ಎಂದು ಫೋನ್ ಇಟ್ಟರು.

ಕೊಟ್ಟ ಮಾತು ಉಳಿಸಿಕೊಂಡೆನೆಂಬ ಹೆಮ್ಮೆ ಬರಲಿಲ್ಲ, ಅಳು ಬಂತು. ಆ ಒಂದು ಮಾತು ಈಗ ನನ್ನೊಬ್ಬಳ ಹತ್ತಿರ ಉಳಿದಿದೆ. ಅದನ್ನು ನಾನು ಬಾಯಿಬಿಟ್ಟು ಆಡಬಹುದಾಗಿದ್ದದ್ದು ಆಂಟಿಯೊಬ್ಬರ ಮುಂದೆ ಮಾತ್ರ. ಅವರು ಬಾ ಎಂದಿದ್ದರು, ನಾನು ಹೋಗಲಿಲ್ಲ.