ಓಡುವ ಲೆಕ್ಕದ ಜಾಗ ಬದಲಿಸಿದವನು

೨೦೦೮ರ ನವೆಂಬರ್ ಹದಿನಾಲ್ಕರ ಬೆಳಗಿನ ಜಾವ ಜಟ್ಟಪ್ಪ ಹರಿಕಂತ್ರ ಅಂಕೋಲೆ ಬಳಿಯ ಬೇಲೆಕೇರಿಯ ತನ್ನ ಮನೆಯಲ್ಲಿ ತೀರಿಕೊಂಡ. ಮಲಗಿದ್ದಲ್ಲೇ ಹೃದಯ ನಿಂತಿತ್ತು. ವಯಸ್ಸು ನಲವತ್ತೇಳು. ಹೆಂಡತಿ ವೈಜಯಂತಿ, ಮಗಳು ಮಾನಸಾ ಇದ್ದಾರೆ.

ರಾಮನಾಥನಿಗೆ ಸುದ್ದಿ ಬಂದಾಗ ಏಳು ಗಂಟೆ. ಅವನು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರರ ಸಂಘದ ವಾಯರ್‌ಲೆಸ್ ನೋಡಿಕೊಳ್ಳುವವನು, ಜಟ್ಟಪ್ಪನ ಇಪ್ಪತ್ತು ವರ್ಷದ ಗೆಳೆಯ. "ನಿಮ್ಮ ಗೆಳೆಯರು ಹೋದ್ರು, ರಾಮನಾಥಣ್ಣ" ಎಂದಳು ವೈಜಯಂತಿ. ಅವನು ಹೂಂ ಎಂದ. ಫೋನ್ ಇಟ್ಟ ಮೇಲೂ ಇನ್ನೊಂದು ಸಲ ಹೂಂ ಎಂದ. ಆಮೇಲೆ ಅಂಗಿ ಹಾಕಿಕೊಂಡು ಬೇಲೆಕೇರಿಗೆ ಹೊರಟ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದ್ದದ್ದು ಹಿಂದಿನ ದಿನವೇ.

ಆ ದಿನದ ಮಾತು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಟ್ಟಪ್ಪನದು ರಂಪಣಿ ಎಳೆಯುವವರ ಮನೆ. ಊರವರೆಲ್ಲ ಸೇರಿ ದಡದಲ್ಲಿ ನಿಂತೇ ಎಳೆಯುವ ದೊಡ್ಡ ಬಲೆ ಅದು. ಡಿಪ್ಲೊಮಾ ಓದಿ ಕಾರವಾರದ ಒಂದು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಹಿಡಿದ ಮೇಲೂ ಅವನು ರವಿವಾರ ಅಣ್ಣ ಹೊನ್ನನ ಜೊತೆ ಹಗ್ಗಕ್ಕೆ ನಿಲ್ಲುವುದನ್ನು ಬಿಡಲಿಲ್ಲ. ಪಾಠ ಹೇಳುವ ಕೆಲಸವಲ್ಲ ಅವನದು. ಯಂತ್ರಗಳ ಧೂಳು ಒರೆಸುವುದು, ಕೆಟ್ಟದ್ದನ್ನು ಬಿಚ್ಚಿ ಜೋಡಿಸುವುದು ಅಷ್ಟೆ. ಆದರೂ ಬಂದರಿನವರಿಗೆಲ್ಲ ಅವನು ಮಾಸ್ತರ.

ಕಾಲೇಜಿನವರು ಗುಜರಿಗೆ ಹಾಕಹೊರಟ ಹಳೆಯ ಕಂಪ್ಯೂಟರೊಂದನ್ನು ಬೇಡಿ ಪಡೆದು, ಮೀನಿನ ಟೆಂಪೋದಲ್ಲಿ ಹೇರಿಸಿ, ಸಂಘದ ಮಾಳಿಗೆಯ ಕೋಣೆಗೆ ತಂದವನು ಅವನೇ. ಆರು ತಿಂಗಳು ಅದು ಬಂಗಡೆ ನಾರುತ್ತಿತ್ತು. ಅದರೊಳಗೆ ತಾನೇ ಬರೆದ ಒಂದು ಪ್ರೋಗ್ರಾಮು ಹಾಕಿದ. ಎಂಜಿನ್ ಕೆಟ್ಟು ತೇಲುವ ದೋಣಿ ಕೊನೆಗೆ ಎಲ್ಲಿದ್ದಿತು, ಗಾಳಿ ಎತ್ತ, ನೀರಿನ ಸೆಳೆತ ಎತ್ತ ಎಂದು ಹೇಳಿದರೆ ಅದು ಹತ್ತು ಸಾವಿರ ಸುಳ್ಳು ದೋಣಿಗಳನ್ನು ಲೆಕ್ಕದಲ್ಲೇ ತೇಲಿಬಿಡುತ್ತಿತ್ತು. ಹೆಚ್ಚಿನವು ಎಲ್ಲಿ ಹೋಗಿ ಗುಂಪಾಗುತ್ತವೋ ಅಲ್ಲಿ ನಿಜವಾದ ದೋಣಿಯನ್ನು ಹುಡುಕಬೇಕು. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆದರೆ ಏಳು ತಾಸು ಹಿಡಿಯುತ್ತಿತ್ತು.

೨೦೦೬ರಲ್ಲಿ ಮೀನಿಗೆ ಹೋದ ದೇವಿದಾಸನ ದೋಣಿ ತಪ್ಪಿಹೋದಾಗ ಉತ್ತರ ಬಂದದ್ದು ಸಂಜೆ ಏಳೂಕಾಲಿಗೆ. ಅಷ್ಟರಲ್ಲಿ ಕತ್ತಲಾಗಿತ್ತು, ಮರುದಿನ ಸಮುದ್ರ ಯಾರನ್ನೂ ಹೊರಗೆ ಬಿಡಲಿಲ್ಲ. ಮೂರನೆಯ ದಿನ ಖಾಲಿ ದೋಣಿ ಸಿಕ್ಕಿತು, ಪ್ರೋಗ್ರಾಮು ಹೇಳಿದ ಜಾಗದಿಂದ ಎರಡು ಮೈಲಿಯೊಳಗೆ. ಹದಿನೈದು ದಿನ ಕಳೆದ ಮೇಲೆ ದೇವಿದಾಸನ ಹೆಂಡತಿ ಮಾದಿ ಸಂಘಕ್ಕೆ ಯಾವುದೋ ಕಾಗದಕ್ಕೆ ಬಂದವಳು, ಜಟ್ಟಪ್ಪ, ರಾಮನಾಥ ಇಬ್ಬರೂ ಇದ್ದ ಮಾಳಿಗೆಗೆ ಹತ್ತಿ ಬಂದಳು. ಯಂತ್ರವನ್ನು ನೋಡುತ್ತ ನಿಂತಳು.

"ಇದು ಹೇಳಿದ್ದು ಖರೆನೇ ಆಗಿತ್ತಂತೆ, ಹೌದಾ ತಮ್ಮಾ?"

"ಹೌದು ಅಕ್ಕಾ" ಎಂದ ಜಟ್ಟಪ್ಪ.

"ಮಧ್ಯಾಹ್ನವೇ ಹೇಳೂಕೆ ಬರೂದಿಲ್ವಾ ಅದಕ್ಕೆ?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಜಟ್ಟಪ್ಪನ ಮುಂದಿನ ಎರಡು ವರ್ಷ ಹೋಯಿತು.

ಹೊಸ ಕಂಪ್ಯೂಟರೊಂದು ಸಂಘಕ್ಕೆ ಬಂದೂ ಇತ್ತು, ಮಳೆಗಾಲದ ಮೊದಲ ಸಿಡಿಲಿಗೆ ಸುಟ್ಟೂ ಹೋಗಿತ್ತು. ಗಾಳಿ ಎದ್ದ ದಿನ ಊರಿಡೀ ಕರೆಂಟು ಹೋಗುತ್ತದೆ. ಪಕ್ಕದ ಐಸ್ ಫ್ಯಾಕ್ಟರಿಯ ಜನರೇಟರ್ ಮೇಲೆ ಓಡುವ ಈ ಹಳೆಯದೇ ಗತಿ. ಹಾಗಾಗಿ ಇದರಿಂದಲೇ ಬೇಗ ಕೆಲಸ ತೆಗೆಯಬೇಕು. ತಿಂಗಳುಗಟ್ಟಲೆ ನೋಡಿ ನೋಡಿ ಒಂದು ದಿನ ಜಟ್ಟಪ್ಪ ಯಂತ್ರದ ರೋಗ ಪತ್ತೆ ಹಚ್ಚಿದ. ಲೆಕ್ಕ ಮಾಡುವ ಭಾಗದ ಮಗ್ಗುಲಲ್ಲೇ ಚಿಕ್ಕದೊಂದು ಚುರುಕಾದ ಜಗಲಿಯಿರುತ್ತದೆ. ನೆನಪಿನ ಕೋಠಿಯಿಂದ, ಅಂದರೆ ಮೆಮೊರಿಯಿಂದ, ಪ್ರೋಗ್ರಾಮಿನ ಬೇಕಾದ ತುಂಡನ್ನು ಯಂತ್ರ ಅಲ್ಲಿಗೆ ತಂದಿಟ್ಟುಕೊಂಡು ಕೆಲಸ ಮಾಡುತ್ತದೆ. ಯಾವ ತುಂಡು ಜಗಲಿಯ ಯಾವ ಮೂಲೆಗೆ ಬರಬೇಕು ಎಂಬುದು ಅದು ಕೋಠಿಯಲ್ಲಿ ಕೂತ ಜಾಗದ ಮೇಲೆ ನಿಂತಿರುತ್ತದೆ. ಇಲ್ಲಿ ಎರಡು ತುಂಡುಗಳಿಗೆ ಒಂದೇ ಮೂಲೆ ಬೀಳುತ್ತಿತ್ತು.

"ನಮ್ಮೂರ ದಡದಲ್ಲಿ ಎರಡು ದೋಣಿಗೆ ಒಂದೇ ಚಪ್ಪರ ಅಂತ ತಿಳ್ಕೊ" ಎಂದು ರಾಮನಾಥನಿಗೆ ಹೇಳಿದ. "ಹೊನ್ನಂದು ಬಂದ್ರೆ ಸೋಮಂದು ಹೊರಗೆ ತಳ್ಬೇಕು. ಸೋಮ ಬಂದ್ರೆ ಹೊನ್ನಂದು. ದಿನಕ್ಕೆ ಒಂದ್ಸಲ ಆದ್ರೆ ಯಾರೂ ಜಗಳಾಡೂದಿಲ್ಲ. ಇಲ್ಲಿ ಸೆಕೆಂಡಿಗೆ ಸಾವಿರ ಸಲ. ಲೆಕ್ಕಕ್ಕಿಂತ ತಳ್ಳೂದೇ ಹೆಚ್ಚಾಗದೆ."

"ಹಂಗಾರೆ ಒಂದನ್ನ ಬೇರೆ ಕಡೆ ಎಳ್ದಿಡು."

"ಅಷ್ಟೇ ಮಾರಾಯಾ ಕೆಲಸ. ಆದ್ರೆ ಗಾಳಿಯ ಅಂಕಿ ಪಟ್ಟಿ ಒಂದೊಂದ್ಸಲ ಒಂದೊಂದು ಗಾತ್ರ. ಅದರ ಹಿಂದೆ ಕೂರೋ ತುಂಡುಗಳ ಜಾಗವೂ ಹಂಗೇ ಬದಲಾತದೆ. ಯಾರು ಯಾರನ್ನ ತಳ್ತಾರೆ ಅಂತ ಓಟ ಶುರುವಾದ ಮೇಲೇ ಕಾಣೂದು. ಓಡ್ತಾ ಇರೋದನ್ನೇ ಎತ್ತಿಡ್ಬೇಕು."

ಓಡುತ್ತಿರುವಾಗಲೇ ಜಾಗ ಬದಲಿಸುವುದು ಅವನಿಗೆ ಹೊಸದೇನಲ್ಲ. ರಂಪಣಿಯ ಹಗ್ಗ ಹಿಡಿದವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ತೀರ ಹಿಂದಿನವನು ಹಗ್ಗ ಬಿಟ್ಟು ನೀರಂಚಿಗೆ ಓಡಿಬಂದು ಮತ್ತೆ ಹಿಡಿಯುತ್ತಾನೆ. ಎಳೆತ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅದೇ ಧೈರ್ಯದಲ್ಲಿ ಜಟ್ಟಪ್ಪ ಇನ್ನೊಂದು ಚಿಕ್ಕ ಪ್ರೋಗ್ರಾಮು ಬರೆದ. ಮೊದಲನೆಯದು ಓಡುತ್ತಿರುವಾಗ ಇದು ಪಕ್ಕದಲ್ಲಿ ಕೂತು, ಒಂದನ್ನೊಂದು ತಳ್ಳುವ ತುಂಡುಗಳನ್ನು ಗುರುತಿಸಿ, ಒಂದನ್ನು ಖಾಲಿ ಜಾಗಕ್ಕೆ ಸಾಗಿಸಿ, ಹಳೆಯ ಜಾಗವನ್ನು ಒರೆಸಿಹಾಕುತ್ತಿತ್ತು. ದೇವಿದಾಸನ ದಿನದ ಅಂಕಿಗಳನ್ನೇ ಕೊಟ್ಟು ಓಡಿಸಿದ. ಮೂರೇ ನಿಮಿಷಕ್ಕೆ ಎಲ್ಲ ಬಿದ್ದುಹೋಯಿತು. ಮತ್ತೆ ಓಡಿಸಿದ, ಮತ್ತೆ ಬಿತ್ತು. ಹೀಗೆ ಒಂದು ತಿಂಗಳು.

ಒಂದು ದಿನ ಚಹಾ ಕುಡಿಯುತ್ತ ತಪ್ಪು ಎಲ್ಲಿದೆಯೆಂದು ತೋರಿಸಿದವನು ರಾಮನಾಥ. ಅವನಿಗೆ ಪ್ರೋಗ್ರಾಮಿನ ಗಂಧವಿಲ್ಲ. ಅವನ ಮನೆ ಮೊದಲು ಚೆಂಡಿಯಾದಲ್ಲಿತ್ತು. ನೇವಿಯವರ ನೆಲೆಗೆ ಜಾಗ ಹೋದ ಮೇಲೆ ಬೇರೆ ಕಡೆ ಕಟ್ಟಿಕೊಂಡಿದ್ದರು.

"ಹಳೇ ಜಾಗ ಕೂಡ್ಲೇ ಒರೆಸ್ತಿ ಅಂದ್ಯಲ್ಲ, ಎಂತಕ್ಕೆ?"

"ಮತೆ? ಬಿಟ್ಟುಬಂದ ಜಾಗದಲ್ಲಿ ಯಾರಿಗೆ ಎಂತ ಕೆಲಸ?"

"ನಮ್ಮ ಮನೆ ಒಡ್ದು ಎಂಟು ತಿಂಗಳಾದ್ರೂ ಟಪಾಲು ಅಲ್ಲಿಗೇ ಬರ್ತಿತ್ತು ಮಾರಾಯಾ. ಮುಂಬೈಯಿಂದ ನನ್ನ ಚಿಕ್ಕಪ್ಪ ನೇರ ಅಲ್ಲಿಗೇ ಹೋಗಿ, ಗೇಟಿನ ಸಿಪಾಯಿ ಹತ್ರ ಬೈಸ್ಕೊಂಡು ಬಂದ. ಊರು ಬಿಟ್ಟು ಹೋದವ ತಿರುಗಿ ಬರೂದು ತಾನು ಬಿಟ್ಟ ಮನೆಗೇ ಅಲ್ದಾ?"

ಜಟ್ಟಪ್ಪ ಲೋಟ ಕೆಳಗಿಟ್ಟ.

"ನಾನು ಹಗ್ಗದವ" ಎಂದ. "ಹಗ್ಗದಲ್ಲಿ ಬಿಟ್ಟ ಜಾಗಕ್ಕೆ ಯಾರೂ ತಿರುಗಿ ಹೋಗೂದಿಲ್ಲ. ಅದಕ್ಕೇ ತಲೆಗೆ ಹೋಗ್ಲಿಲ್ಲ ನೋಡು."

ಪ್ರೋಗ್ರಾಮಿನ ಒಂದು ತುಂಡು ಇನ್ನೊಂದನ್ನು ಕೆಲಸಕ್ಕೆ ಕರೆದಾಗ, ಎಲ್ಲಿಂದ ಹೊರಟೆ ಎಂದು ಬರೆದಿಟ್ಟುಕೊಂಡು ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಲ್ಲಿಗೇ ಮರಳುತ್ತದೆ. ಮರಳಿದಾಗ ಅಲ್ಲಿ ಏನೂ ಇರುತ್ತಿರಲಿಲ್ಲ. ಜಟ್ಟಪ್ಪ ಅದನ್ನು ತಿದ್ದಿದ. ಹೊಸದಾಗಿ ಬಂದವರಿಗೆ ಹಳೆಯ ಬಾಗಿಲಲ್ಲೇ ಹೊಸ ವಿಳಾಸ ಬರೆದಿಟ್ಟ. ಮೊದಲೇ ಹೊರಟುಹೋದವರೆಲ್ಲ ತಿರುಗಿ ಬಂದು ಮುಗಿಯುವ ತನಕ ಹಳೆಯ ಮನೆಯನ್ನು ಹಾಗೆಯೇ ನಿಲ್ಲಿಸಿದ. ಆಮೇಲೆ ಅದು ಬೀಳಲಿಲ್ಲ. ಆದರೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪ್ರತಿ ಸಲ ತುಂಡು ಎತ್ತುವ ಮೊದಲು ಪರದೆಯ ಮೇಲೆ ‘ಸರಿಸಲೇ?’ ಎಂದು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಕೇಳುವಂತೆ ಮಾಡಿದ. ಹಳೆಯ ಅಂಕಿಗಳ ಮೇಲಷ್ಟೇ ಓಡಿಸುತ್ತಿದ್ದ.

ನವೆಂಬರ್ ಹದಿಮೂರರ ಬೆಳಿಗ್ಗೆ ಗಾಳಿ ಎದ್ದಿತ್ತು. ಬೇಲೆಕೇರಿಯ ಸೋಮ, ಹುಲಿಯಾ ಇಬ್ಬರ ದೋಣಿಯ ಎಂಜಿನ್ ನಿಂತಿದೆಯೆಂದು ವಾಯರ್‌ಲೆಸ್ಸಿನಲ್ಲಿ ಒಂದು ಮಾತು ಬಂತು, ಜಾಗ ಹೇಳಿದರು, ಅಷ್ಟಕ್ಕೇ ಬ್ಯಾಟರಿ ಸತ್ತಿತು. ಗಾಳಿಯ ಅಂಕಿ ಕೈಗೆ ಸಿಕ್ಕಿದ ಕೂಡಲೇ, ಹತ್ತು ಗಂಟೆಗೆ, ಕಲಿಸಿಕೊಟ್ಟ ಹಾಗೆ ರಾಮನಾಥನೇ ಲೆಕ್ಕ ಶುರು ಮಾಡಿದ. ದಾರಿಯಲ್ಲಿ ಮರ ಬಿದ್ದು ಬಸ್ಸಿರಲಿಲ್ಲ. ಕಾಲೇಜಿನಿಂದ ನಡೆದೇ ಬಂದ ಜಟ್ಟಪ್ಪ ಮೆಟ್ಟಿಲು ಹತ್ತಿದಾಗ ಹನ್ನೆರಡಾಗಿತ್ತು. ಅವನು ಎದೆಗೆ ಕೈಯೊತ್ತಿ ಕೂತ. ಮಾತ್ರೆ ನಾಲಿಗೆಯಡಿ ಇಟ್ಟುಕೊಂಡ.

"ಐದಕ್ಕೆ ಮುಗೀತದೆ" ಎಂದ ರಾಮನಾಥ. "ದೋಣಿ ಹೋಗೂಕೆ ಎರಡು ತಾಸು. ಆರೂಕಾಲಿಗೆ ಬೆಳಕಿಲ್ಲ."

ಜಟ್ಟಪ್ಪ ಪರದೆ ನೋಡಿದ. ಎರಡು ತಾಸಿನ ಲೆಕ್ಕ ಅದರೊಳಗಿತ್ತು, ನಿಲ್ಲಿಸಿದರೆ ಅಷ್ಟೂ ಹೋಗುತ್ತದೆ.

"ಸರಿಸ್ತಿಯಾ?"

"ಸರಿಸ್ಬೇಕು."

"ಬಿದ್ರೆ?"

"ಬಿದ್ರೆ ನಾಳೆ ಬೆಳಿಗ್ಗೆ." ಸ್ವಲ್ಪ ತಡೆದು ಹೇಳಿದ, "ನೀನೇ ಹೇಳು ರಾಮನಾಥ. ಶುರು ಮಾಡಿದವ ನೀನು."

ರಾಮನಾಥನಿಗೆ ಮಾದಿ ಅಲ್ಲಿ ನಿಂತು ಕೇಳಿದ್ದು ನೆನಪಾಯಿತು. "ಸರಿಸು" ಎಂದ.

ಜಟ್ಟಪ್ಪ ಪಕ್ಕದ ಚಿಕ್ಕ ಪ್ರೋಗ್ರಾಮನ್ನು ಎಬ್ಬಿಸಿದ. ಅದು ಹತ್ತು ನಿಮಿಷ ಸುಮ್ಮನೆ ನೋಡಿತು. ಆಮೇಲೆ ‘ಸರಿಸಲೇ?’ ಎಂದು ಕೇಳಿತು. ಜಟ್ಟಪ್ಪ ಹೌದು ಒತ್ತಿದ. ಲೆಕ್ಕ ಬೀಳಲಿಲ್ಲ. ಮತ್ತೆ ಕೇಳಿತು, ಮತ್ತೆ ಒತ್ತಿದ. ಲೆಕ್ಕ ಮುಗಿದ ಸುಳ್ಳು ದೋಣಿಗಳನ್ನು ಎಣಿಸುವ ಅಂಕಿ ಒಂದೊಂದಾಗಿ ಏರುತ್ತಿದ್ದದ್ದು ಈಗ ನೋಡನೋಡುತ್ತ ಏರತೊಡಗಿತು. ಕೆಳಗೆ ಜನರೇಟರು ಗುಡುಗುಡು ಎನ್ನುತ್ತಿತ್ತು. ಮೂರಕ್ಕೆ ಐದು ನಿಮಿಷವಿರುವಾಗ ಉತ್ತರ ಬಂತು.

ಹೊನ್ನನ ದೋಣಿ ಇನ್ನಿಬ್ಬರ ಜೊತೆ ಎಂಜಿನ್ ಬಿಸಿ ಮಾಡಿಕೊಂಡೇ ಕಾದಿತ್ತು. ಅಕ್ಷಾಂಶ ರೇಖಾಂಶ ಹೇಳಿದರೆ ಹೊನ್ನನಿಗೆ ತಿಳಿಯುವುದಿಲ್ಲ. ಜಟ್ಟಪ್ಪ ನಕ್ಷೆಯ ಮೇಲೆ ಗೆರೆ ಎಳೆದು, ಕೂರ್ಮಗಡ ದ್ವೀಪ ಎಷ್ಟು ಕಾಣುವ ತನಕ ಹೋಗಬೇಕು, ಅಲ್ಲಿಂದ ಯಾವ ಗುಡ್ಡಕ್ಕೆ ಬೆನ್ನು ಕೊಡಬೇಕು ಎಂದು ಬಿಡಿಸಿ ಹೇಳಿದ. ರಾಮನಾಥ ಅದನ್ನೇ ವಾಯರ್‌ಲೆಸ್ಸಿನಲ್ಲಿ ಮೂರು ಸಲ ಹೇಳಿದ.

ಐದು ಗಂಟೆ ಹತ್ತು ನಿಮಿಷಕ್ಕೆ ಹೊನ್ನನ ದನಿ ಬಂತು.

"ರಾಮನಾಥಣ್ಣ, ಕೇಳ್ತದಾ? ಸಿಕ್ಕಿದ್ರು. ಇಬ್ರೂ ಅದಾರೆ."

"ಹೆಂಗದಾರೆ?"

"ಸೋಮ ನಡುಗ್ತಾನೆ. ಹುಲಿಯಾ ಬೀಡಿ ಕೇಳ್ತಾನೆ. ಒದ್ದೆ ಬೀಡಿ ಕೊಟ್ರೆ ನನಗೇ ಬೈತಾನೆ."

ಜಟ್ಟಪ್ಪ ನಕ್ಕ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ. ರಾಮನಾಥ ಅವನ ಮುಖ ನೋಡಿ, "ಮನಿಗೆ ಹೋಗು. ಬಸ್ ಶುರುವಾಗದೆ ಅಂತೆ" ಎಂದ.

"ಹೋಗ್ತೆ. ಒಂದು ಕೆಲಸ ಅದೆ."

"ನಾಳೆ ಮಾಡು."

"ಇವತ್ತು ನಾ ಇಲ್ದಾಗ ನೀನು ಶುರು ಮಾಡ್ದೆ. ನಾನು ಬರೂದೇ ಆಗದಿದ್ರೆ ಹೌದು ಅಂತ ಒತ್ತೂಕೆ ಯಾರಿದ್ರು?"

ಅವನು ಚಿಕ್ಕ ಪ್ರೋಗ್ರಾಮು ತೆರೆದು ‘ಸರಿಸಲೇ?’ ಎಂಬ ಪ್ರಶ್ನೆಯನ್ನು ಅಳಿಸಿದ. ದೊಡ್ಡದನ್ನು ಶುರು ಮಾಡಿದರೆ ಚಿಕ್ಕದೂ ತಾನಾಗಿ ಏಳುವಂತೆ ಎರಡನ್ನೂ ಜೋಡಿಸಿದ. ಅಷ್ಟಕ್ಕೆ ಮುಕ್ಕಾಲು ತಾಸು ಹೋಯಿತು. ಆಮೇಲೆ ರಾಮನಾಥನನ್ನು ಕುರ್ಚಿಯಲ್ಲಿ ಕೂರಿಸಿ, ಆ ದಿನದ ಅಂಕಿಗಳನ್ನೇ ಕೊಟ್ಟು ಮೊದಲಿನಿಂದ ಓಡಿಸಲು ಹೇಳಿದ. ತಾನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತ, ಹತ್ತಿರ ಬರಲಿಲ್ಲ. ಹತ್ತು ನಿಮಿಷ ಕಳೆಯಿತು. ಯಾರನ್ನೂ ಏನೂ ಕೇಳದೆ ಒಂದು ತುಂಡು ಸರಿಯಿತು, ಇನ್ನೊಂದು ಸರಿಯಿತು, ಅಂಕಿ ಓಡತೊಡಗಿತು.

ಜಟ್ಟಪ್ಪ ಇನ್ನೊಂದು ನಿಮಿಷ ನೋಡಿದ. "ಆತು, ಆರಿಸ್ಬೇಡ, ಓಡ್ಲಿ" ಎಂದು ಹೇಳಿ, ಅಂಕೋಲೆಯ ಬಸ್ಸು ಹಿಡಿಯಲು ಮೆಟ್ಟಿಲಿಳಿದ.